ಹೊಳೆಯನ್ನು ಹಿಂದಕ್ಕೆ ಹರಿಸಿದ ಅಡ್ಮಿನ್ ಸಾಹೇಬರಿಗೆ

ವಾಟ್ಸಾಪ್ ಗ್ರೂಪಿನ ಅಡ್ಮಿನ್ ಸಾಹೇಬರೇ,

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಹತ್ತಿರದ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್‌ಗೇಟು ಚೈನು ಕಡಿದು ಕೊಚ್ಚಿಹೋಯಿತು. ನಿಜ. ಆದರೆ ‘ಹರಿಹರದವರು ಕೂಡಲೇ ಊರು ಬಿಡಿ, ಡ್ಯಾಮಿನ ನೀರು ಬರುತ್ತಿದೆ’ ಎಂದು ನೀವು ತಳ್ಳಿದ್ದನ್ನು ಓದಿ ದಂಗಾದೆ. ನಮ್ಮ ಹೊಳೆ ಹರಿಹರ ದಾಟಿ ಎಷ್ಟೋ ಹೊತ್ತಿನ ಮೇಲೆ ಆ ಡ್ಯಾಮು ಸೇರುತ್ತದೆ. ಅಲ್ಲಿ ಗೇಟು ಹೋದರೆ ನೀರು ಕಂಪ್ಲಿ ಕಡೆ ಇಳಿಯಬೇಕು. ಹರಿಹರಕ್ಕೆ ಹೊಳೆ ಏರುವುದು ಗಾಜನೂರು, ಲಕ್ಕವಳ್ಳಿಯಲ್ಲಿ ನೀರು ಬಿಟ್ಟಾಗ. ಹರಿಹರೇಶ್ವರನಿಗೂ ಆಗದ್ದನ್ನು ನಿಮ್ಮ ಹೆಬ್ಬೆರಳು ಮಾಡಿದೆ! ನೀರನ್ನು ಏರಿಗೆ ಹತ್ತಿಸುವ ವಿದ್ಯೆ ಸಿದ್ಧಿಸಿದ್ದೇ ಆದರೆ ಭದ್ರಾ ನಾಲೆಯ ಕೊನೆಭಾಗದ ಗದ್ದೆಗಳಿಗೂ ಒಂದು ಫಾರ್ವರ್ಡ್ ಹಾಕಿ. ಅಲ್ಲಿನ ರೈತರು ರಸ್ತೆಯಲ್ಲಿ ಕೂತು ಕೂತು ಸುಸ್ತಾಗಿದ್ದಾರೆ.

ನೀವು ಪೆದ್ದರಂತೂ ಅಲ್ಲ. ಬೆಣ್ಣೆದೋಸೆಯ ಮೊದಲ ತುತ್ತಿಗೇ ‘ಇದು ಡಾಲ್ಡಾ ಕಣಯ್ಯಾ’ ಎಂದು ತಟ್ಟೆ ಸರಿಸುವವರು. ಮೆಕ್ಕೆಜೋಳದ ಕಾಳನ್ನು ಹಲ್ಲಲ್ಲಿ ಕಡಿದು ತೇವ ಎಷ್ಟಿದೆ ಹೇಳುವವರು. ಮೊಬೈಲಿಗೆ ಬಂದದ್ದನ್ನು ಮಾತ್ರ ಕಡಿಯದೇ ನುಂಗುತ್ತೀರಿ. ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂದು ವಾಟ್ಸಾಪೇ ಜೋಡಿ ಬಾಣ ಹಾಕಿ ತೋರಿಸಿದರೆ, ನಿಮಗೆ ಅದು ಐಎಸ್‌ಐ ಮಾರ್ಕು.

ಹೊಳೆಯ ವಿಷಯ ನಕ್ಕು ಬಿಡಬಹುದಿತ್ತು. ಮೊನ್ನೆ ಹಾಕಿದಿರಲ್ಲ, ಮಕ್ಕಳ ಕಳ್ಳರ ವಿಡಿಯೋ, ಅದಕ್ಕೇ ಈ ಪತ್ರ. ಊರಿನ ಹೆಸರಿಲ್ಲ, ತಾರೀಖಿಲ್ಲ, ಅದರಲ್ಲಿ ಕೂಗಾಡುವವರ ಭಾಷೆ ಕನ್ನಡವೂ ಅಲ್ಲ. ಇಂಥದ್ದು ಏನು ಮಾಡುತ್ತದೆ ಗೊತ್ತೇ? 2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಹೈದರಾಬಾದ್ ಕಡೆಯಿಂದ ಬಂದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರ ಕಾರಿಗಿಂತ ಮೊದಲೇ ‘ಮಕ್ಕಳ ಕಳ್ಳರು’ ಎಂಬ ಸಂದೇಶ ಮುರ್ಕಿ ಗ್ರಾಮ ಮುಟ್ಟಿತು. ಜನ ರಸ್ತೆ ಅಡ್ಡಗಟ್ಟಿ ಹೊಡೆದರು; ಒಬ್ಬ ಇಂಜಿನಿಯರ್ ಸತ್ತರು. ಬಂಧಿತರಲ್ಲಿ ಒಬ್ಬ ವಾಟ್ಸಾಪ್ ಗ್ರೂಪಿನ ಅಡ್ಮಿನ್. ಹೌದು, ನಿಮ್ಮದೇ ಹುದ್ದೆ. ಅದೇ ತಿಂಗಳು ವಾಟ್ಸಾಪು ನಮ್ಮ ದೇಶದಲ್ಲಿ ಫಾರ್ವರ್ಡನ್ನು ಒಂದು ಸಲಕ್ಕೆ ಐದು ಚಾಟಿಗೆ ಇಳಿಸುವುದಾಗಿ ಹೇಳಿತು. ನೀವು ಕಾನೂನು ಪಾಲಕರು, ಮಿತಿ ಮೀರದಂತೆ ಕಂತು ಕಂತಾಗಿಯೇ ಕಳಿಸುತ್ತೀರಿ.

ಮುಂದೆ ಕಳ್ಳರು ನಿಜಕ್ಕೂ ಕಂಡರೆ ಗ್ರೂಪಿಗೆ ಹಾಕಬೇಡಿ, 112ಕ್ಕೆ ಫೋನ್ ಹಚ್ಚಿ. ಎಲ್ಲಿ, ಯಾವಾಗ, ಕಂಡವರು ಯಾರು ಎಂದು ಕೇಳುತ್ತಾರೆ. ಮೂರಕ್ಕೂ ಉತ್ತರವಿದ್ದರೆ ಆಮೇಲೆ ನಮಗೂ ಕಳಿಸಿ, ಓದುತ್ತೇವೆ.

ಇತಿ,
ನೀವು ಇನ್ನೂ ರಿಮೂವ್ ಮಾಡದ ಸದಸ್ಯ
ಪಿ.ಜೆ. ಬಡಾವಣೆ, ದಾವಣಗೆರೆ