ಹರಾಜು ಮೀಮಾಂಸೆಯ ಸಾಲಗಾಮೆ ಪಂಥ: ಒಂದು ಪ್ರಸ್ತಾವನೆ

ಹರಾಜು ಮೀಮಾಂಸೆಗೆ ನಾಡಿನ ಯಾವ ವಿಶ್ವವಿದ್ಯಾಲಯವೂ ಇನ್ನೂ ಪೀಠ ಕೊಟ್ಟಿಲ್ಲ. ಹಾಸನ ತಾಲ್ಲೂಕಿನ ಹೋಬಳಿ ಕೇಂದ್ರವಾದ ಸಾಲಗಾಮೆಯಲ್ಲಿ ಅದಕ್ಕೊಂದು ಬೆಂಚು ಇದೆ. ಐಪಿಎಲ್ ತಂಡಗಳು ಯಾರನ್ನು ಉಳಿಸಿಕೊಂಡವು, ಯಾರನ್ನು ಕೈಬಿಟ್ಟವು ಎಂಬ ಪಟ್ಟಿ ಹೊರಬಿದ್ದ ಸಂಜೆಯಿಂದ ಹಿಡಿದು ಹರಾಜು ಮುಗಿದು ವಾರವಾಗುವವರೆಗೆ, ಟೀ ಅಂಗಡಿಯ ಮುಂದಿನ ಆ ಬೆಂಚಿನ ಮೇಲೆ ನಡೆಯುವ ವಾಗ್ವಾದವನ್ನು ಅಂಚಿನ ನೆಲೆಯಿಂದ ಹೊಮ್ಮುವ ಬಹುಸ್ತರೀಯ ಪ್ರತಿಸಂಕಥನವೆಂದು ಗ್ರಹಿಸಿ, ಅದರ ತಾತ್ವಿಕ ವಿನ್ಯಾಸಗಳನ್ನು ದೇಸಿ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶ. ವಿಚಾರಸಂಕಿರಣಗಳಲ್ಲಿ ಇಂಥ ವಾಕ್ಯ ಕಿವಿಗೆ ಬಿದ್ದೊಡನೆ ಊಟದ ಟೋಕನ್ ಕಿಸೆಯಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡ ಎಲ್ಲರಿಗೂ ಇದರ ತಾತ್ಪರ್ಯ ಇಷ್ಟೆ: ಆರ್‌ಸಿಬಿಯವರು ಒಳ್ಳೊಳ್ಳೆ ಆಟಗಾರರನ್ನು ಯಾಕೆ ಬಿಡುತ್ತಾರೆ?

ಪಂಥಕ್ಕೆ ಈ ಅಧಿಕಾರ ಎಲ್ಲಿಂದ ಬಂತು ಎಂದು ಕೇಳುವವರಿಗೆ ವಂಶಾವಳಿ ಸಿದ್ಧವಿದೆ. ಟೆಸ್ಟ್‌ನಲ್ಲಿ 236 ವಿಕೆಟ್ ಕಿತ್ತ ಶ್ರೀನಾಥ್ ತಮ್ಮ ಹೆಸರಿನ ಮುಂದೆ ಹೊತ್ತಿರುವುದು ಇದೇ ಜಿಲ್ಲೆಯ ಜಾವಗಲ್ ಅನ್ನು. 1996ರಲ್ಲಿ ಭಾರತಕ್ಕೆ ಎರಡು ಟೆಸ್ಟ್ ಆಡಿದ ಡೇವಿಡ್ ಜಾನ್ಸನ್ ಹುಟ್ಟಿದ್ದು ಅರಸೀಕೆರೆಯಲ್ಲಿ. ಇಬ್ಬರ ಕಾಲದಲ್ಲೂ ಆಟಗಾರನಿಗೆ ಬೆಲೆಪಟ್ಟಿ ಇರಲಿಲ್ಲ. ಹೀಗಾಗಿ ಅವರ ವಿಷಯದಲ್ಲಿ ಬೆಂಚಿಗೆ ಗೌರವವಿದೆ, ಚರ್ಚೆಯಿಲ್ಲ.

ಪಂಥದ ಮೂಲಪಠ್ಯ ಆರ್‌ಸಿಬಿ 2018ಕ್ಕೆ ಉಳಿಸಿಕೊಂಡವರ ಪಟ್ಟಿ. ಕೊಹ್ಲಿಗೆ 17 ಕೋಟಿ, ಡಿವಿಲಿಯರ್ಸ್‌ಗೆ 11 ಕೋಟಿ, ಮೂರನೆಯ ಜಾಗದಲ್ಲಿ 1.75 ಕೋಟಿಗೆ ಸರ್ಫರಾಜ್ ಖಾನ್. ಎರಡು ವರ್ಷದ ಹಿಂದೆ ಇದೇ ತಂಡಕ್ಕೆ 397 ರನ್ ಹೊಡೆದಿದ್ದ ಕೆ.ಎಲ್. ರಾಹುಲ್ ಹರಾಜಿನ ಕಟ್ಟೆಗೆ. ಪಂಜಾಬ್ 11 ಕೋಟಿಗೆ ಎತ್ತಿಕೊಂಡಿತು. ಆ ವರ್ಷ ಅವರು ಹೊಡೆದದ್ದು 659 ರನ್, 2020ರಲ್ಲಿ 670 ರನ್ ಮತ್ತು ಆರೆಂಜ್ ಕ್ಯಾಪ್. “ಮನೆ ಮಗನ್ನ ಬಿಟ್ಬುಟ್ಟು ಯಾರ್ನೋ ಮಡಿಕಂಡವ್ರಲ್ಲ ಕಣಣ್ಣ, ಇವ್ರ್ ತಲೆ ನೆಟ್ಟಗೈತಾ?” ಎಂಬುದು ಈ ಪಠ್ಯದ ಮೇಲೆ ಲಭ್ಯವಿರುವ ಏಕೈಕ ಭಾಷ್ಯ. ಉಳಿದ ಭಾಷ್ಯಗಳು ಅಚ್ಚಿಗೆ ಯೋಗ್ಯವಲ್ಲ. ಮಯಂಕ್ ಅಗರ್ವಾಲ್, ಕರುಣ್ ನಾಯರ್ ಕೂಡ ಅದೇ ಪಂಜಾಬಿಗೆ ಹೋದರು, 2020ರ ಟೂರ್ನಿಗೆ ಅನಿಲ್ ಕುಂಬ್ಳೆ ಅಲ್ಲಿಗೇ ಕೋಚ್ ಆದರು. ಹಾಸನದ ಎಪಿಎಂಸಿಗೆ ಬಿತ್ತನೆ ಆಲೂಗಡ್ಡೆ ಬರುವುದು ಜಲಂಧರದಿಂದ. ಇದನ್ನೂ ಅದನ್ನೂ ಕೂಡಿಸಿ ನೋಡಿದ ಬೆಂಚಿನ ಹಿರಿಯರೊಬ್ಬರು ಎರಡು ರಾಜ್ಯಗಳ ನಡುವೆ ಬೀಜಕ್ಕೆ ಬ್ಯಾಟ್ಸ್‌ಮನ್ ಕೊಡುವ ಗುಪ್ತ ಒಪ್ಪಂದವಿದೆ ಎಂಬ ಪ್ರಮೇಯ ಮಂಡಿಸಿದ್ದಾರೆ. ಅಂಗಮಾರಿ ಬಂದು ಬೆಳೆ ಕರಗಿದ ವರ್ಷ ಈ ಪ್ರಮೇಯಕ್ಕೆ ಅನುಯಾಯಿಗಳು ಹೆಚ್ಚುತ್ತಾರೆ.

ಇದರಿಂದ ಹುಟ್ಟಿದ್ದು ಪರಿತ್ಯಕ್ತೋತ್ಕರ್ಷ ನಿಯಮ. ಬಿಡಿಸಿ ಹೇಳಿದರೆ, ಇಲ್ಲಿ ಬಿಟ್ಟವನು ಅಲ್ಲಿ ಮೆರೆಯುತ್ತಾನೆ. ಸಾಕ್ಷ್ಯಕ್ಕೇನೂ ಬರವಿಲ್ಲ. 2009ರಲ್ಲಿ ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಮನೀಶ್ ಪಾಂಡೆ, ಬೆಂಗಳೂರಿನ ಅಂಗಿಯಲ್ಲಿ. 2014ರ ಫೈನಲ್ ಬೆಂಗಳೂರಿನಲ್ಲೇ ನಡೆದಾಗ 94 ಹೊಡೆದದ್ದೂ ಅವರೇ, ಕೋಲ್ಕತ್ತದ ಅಂಗಿಯಲ್ಲಿ. ಶೇನ್ ವಾಟ್ಸನ್ ಬೆಂಗಳೂರು ಬಿಟ್ಟ ಮರುವರ್ಷವೇ, 2018ರ ಫೈನಲ್‌ನಲ್ಲಿ ಚೆನ್ನೈಗೆ ಔಟಾಗದೆ 117. ಚಾಹಲ್ ಅನ್ನು ಬಿಟ್ಟರು, 2022ರಲ್ಲಿ ರಾಜಸ್ಥಾನಕ್ಕೆ 27 ವಿಕೆಟ್, ಪರ್ಪಲ್ ಕ್ಯಾಪ್. ಶಿವಂ ದುಬೆ, ಕ್ಲಾಸೆನ್, ಟ್ರಾವಿಸ್ ಹೆಡ್ ಇವರೆಲ್ಲ ಒಂದು ಕಾಲಕ್ಕೆ ಇದೇ ಚಿನ್ನಸ್ವಾಮಿಯ ಡಗ್‌ಔಟ್‌ನಲ್ಲಿ ಕೂತು ಎದ್ದು ಹೋದವರು.

ತೌಲನಿಕ ಅಧ್ಯಯನವಿಲ್ಲದೆ ಪ್ರಬಂಧಕ್ಕೆ ಮಾನ್ಯತೆ ಸಿಗದ ಕಾರಣ ಅಮೆರಿಕವನ್ನು ಒಮ್ಮೆ ಮುಟ್ಟಿ ಬರಬೇಕಾಗಿದೆ. ಅಲ್ಲಿನ ಬೇಸ್‌ಬಾಲ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡ 1918ರಲ್ಲಿ ಗೆದ್ದು, ಮರುವರ್ಷದ ಕೊನೆಯಲ್ಲಿ ಬೇಬ್ ರೂತ್‌ನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿತು. ಮತ್ತೆ ಗೆದ್ದದ್ದು 2004ರಲ್ಲಿ. ನಡುವಿನ ಎಂಬತ್ತಾರು ವರ್ಷಗಳನ್ನು ಅಲ್ಲಿಯ ಜನ ಶಾಪವೆಂದು ಕರೆದರು. ಸಾಲಗಾಮೆ ಪಂಥ ಶಾಪವನ್ನು ಒಪ್ಪುವುದಿಲ್ಲ. ಮ್ಯಾನೇಜ್‌ಮೆಂಟ್ ಸರಿಯಿಲ್ಲ ಎನ್ನುತ್ತದೆ. ಇದು ವೈಚಾರಿಕತೆಯ ಗೆಲುವು.

ಇನ್ನು ವರ್ಗೀಕರಣ. ಸಾಲಗಾಮೆಯ ಬೆಂಚಿಗೆ ನಾಲ್ಕು ದಿಕ್ಕಿನಿಂದ ಬಂದು ಕೂರುವವರಿಂದಾಗಿ ಐದು ಉಪಪಂಥಗಳು ರೂಪುಗೊಂಡಿವೆ.

ಮೊದಲನೆಯದು ಹೊಳೆನರಸೀಪುರ ಶಾಖೆ. ಮಾಜಿ ಪ್ರಧಾನಿಯನ್ನು ಕೊಟ್ಟ ತಾಲ್ಲೂಕಾದ್ದರಿಂದ ಇದರ ಪಾಲಿಗೆ ರಾಜಕಾರಣದ ಹೊರಗೆ ವಿಶ್ವವಿಲ್ಲ. 2009ರಲ್ಲಿ ಜಹೀರ್ ಖಾನ್ ಮುಂಬೈಗೂ ರಾಬಿನ್ ಉತ್ತಪ್ಪ ಬೆಂಗಳೂರಿಗೂ ಅದಲುಬದಲಾದದ್ದು ಇವರ ಪ್ರಕಾರ ಪಕ್ಷಾಂತರ. ಇದಕ್ಕೆ ಪಕ್ಷಾಂತರ ನಿಷೇಧ ಕಾಯ್ದೆ ಅನ್ವಯವಾಗುತ್ತದೆಯೇ ಎಂಬ ಜಿಜ್ಞಾಸೆ ಇನ್ನೂ ಬಗೆಹರಿದಿಲ್ಲ. ಎರಡನೆಯದು ಚನ್ನರಾಯಪಟ್ಟಣ ಶಾಖೆ, ಕೊಬ್ಬರಿಯನ್ನು ಅಟ್ಟದ ಮೇಲೆ ಹಾಕಿ ರೇಟಿಗೆ ಕಾಯುವವರದು. ಯಾರನ್ನೂ ಬಿಡಬೇಡಿ, ಕಾಯಿರಿ ಎಂಬುದೇ ಇವರ ಏಕಸೂತ್ರ. ಮೂರನೆಯದು ಹಾಸನ ನಗರ ಶಾಖೆ. ಸಾಲಗಾಮೆ ರಸ್ತೆಯಲ್ಲೇ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇರುವುದರಿಂದ ಈ ಶಾಖೆಯವರ ಮೊಬೈಲಿನಲ್ಲಿ ಎಕ್ಸೆಲ್ ಹಾಳೆ ಇರುತ್ತದೆ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ಮೆಗಾ ಹರಾಜು ನಡೆದಾಗ ಪರ್ಸ್ 120 ಕೋಟಿ, ಕೊಹ್ಲಿ 21, ಪಾಟೀದಾರ್ 11, ಯಶ್ ದಯಾಳ್ 5, ಉಳಿದದ್ದು 83 ಎಂದು ಮಗ್ಗಿಯಂತೆ ಒಪ್ಪಿಸಿದವರು ಇವರೇ. ವಿಲ್ ಜ್ಯಾಕ್ಸ್ ಅನ್ನು ಮುಂಬೈ 5.25 ಕೋಟಿಗೆ ಕೂಗಿದಾಗ ಬೆಂಗಳೂರು ತಾನು ಬಿಟ್ಟವನನ್ನು ವಾಪಸ್ ಪಡೆಯುವ ಆರ್‌ಟಿಎಂ ಕಾರ್ಡ್ ಎತ್ತಲಿಲ್ಲ. ಆಕಾಶ್ ಅಂಬಾನಿ ಎದ್ದು ಬಂದು ಆರ್‌ಸಿಬಿ ಟೇಬಲ್‌ನವರ ಕೈ ಕುಲುಕಿ ಹೋದರು. ಆ ಕೈಕುಲುಕಾಟದ ದೃಶ್ಯವನ್ನು ನಿಲ್ಲಿಸಿ, ಹಿಗ್ಗಿಸಿ, ಬೆರಳುಗಳ ಕೋನ ಅಳೆದು ಮಾಡಿದ ವಿಶ್ಲೇಷಣೆ ಪದವಿಗೆ ಯೋಗ್ಯವಾಗಿತ್ತು.

ನಾಲ್ಕನೆಯದು ಅರಕಲಗೂಡು ಶಾಖೆ. ಇಲ್ಲಿ ಪ್ರಬಂಧಕಾರನಿಗೆ ಸ್ವಲ್ಪ ತೊಡಕಾಯಿತು. ಈ ಶಾಖೆಯವರಿಗೆ ಹರಾಜು ಟಿವಿಯ ವಸ್ತುವಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಹೊಗೆಸೊಪ್ಪನ್ನು ಬ್ಯಾರನ್‌ನಲ್ಲಿ ಹದ ಮಾಡಿ, ಬೇಲು ಕಟ್ಟಿ ತಂದು ಸಾಲಾಗಿ ಇಡುತ್ತಾರೆ. ಕಂಪನಿಯ ಖರೀದಿದಾರರು ನೋಡುತ್ತ ಹೋಗುತ್ತಾರೆ. ಯಾರೂ ಕೂಗದ ಬೇಲು ವಾಪಸ್ಸು. ಐಪಿಎಲ್ ಹರಾಜಿಗೆ ಬರುವ ಆಟಗಾರ ತನ್ನ ಮೂಲಬೆಲೆಯನ್ನು ತಾನೇ ಆರಿಸಿಕೊಳ್ಳಬಹುದು, 30 ಲಕ್ಷಕ್ಕಿಂತ ಕಡಿಮೆಯ ಬೆಲೆಯೇ ಪಟ್ಟಿಯಲ್ಲಿಲ್ಲ. ಬೇಲಿನ ಒಡೆಯನಿಗೆ ಆ ಸವಲತ್ತು ಇಲ್ಲ. ಎಷ್ಟು ಬೆಳೆಯಬೇಕೆಂಬುದನ್ನೂ ಮಂಡಳಿ ಮೊದಲೇ ಗೊತ್ತು ಮಾಡಿರುತ್ತದೆ, ಮಿತಿ ಮೀರಿ ತಂದರೆ ದಂಡ. ಆ ಶಾಖೆಯ ಒಬ್ಬಾತ ಜೆಡ್ಡಾದ ಹರಾಜನ್ನು ಪೂರ್ತಿ ನೋಡಿ ಹೇಳಿದ್ದು ಒಂದೇ ಮಾತು: “ಪಂತ್‌ಗೆ 27 ಕೋಟಿ ಕೂಗೋರು ನಮ್ಮೂರ್ ಕಡೆ ಯಾಕಪ್ಪಾ ಬರಕ್ಕಿಲ್ಲ?” ಇದನ್ನು ಯಾವ ಸೈದ್ಧಾಂತಿಕ ಚೌಕಟ್ಟಿಗೂ ಒಗ್ಗಿಸಲಾಗಲಿಲ್ಲ.

ಐದನೆಯ ಉಪಪಂಥ ಬೇಡ. ನಾಲ್ಕಕ್ಕೇ ಸಾಕಾಗಿದೆ.

ಅಷ್ಟಕ್ಕೂ ಇಡೀ ಮೀಮಾಂಸೆಯ ಬುಡ ಅಲುಗಿಸುವ ಮೂರು ಸಂಗತಿಗಳಿವೆ, ಬೆಂಚಿನ ಮೇಲೆ ಅವನ್ನು ಎತ್ತಿದರೆ ಮಾತು ಬೇರೆ ಕಡೆ ಹೊರಳುತ್ತದೆ. ಕೊಹ್ಲಿ 2008ರಲ್ಲಿ ಬೆಂಗಳೂರಿಗೆ ಬಂದದ್ದು ದೊಡ್ಡ ಹರಾಜಿನಲ್ಲಲ್ಲ, 19 ವರ್ಷದೊಳಗಿನವರನ್ನು ಪ್ರತ್ಯೇಕವಾಗಿ ಹಂಚಿದಾಗ. ಅದೂ ಅವರ ತವರು ದೆಹಲಿ ಪ್ರದೀಪ್ ಸಾಂಗ್ವಾನ್ ಸಾಕೆಂದು ಕೈಬಿಟ್ಟ ಮೇಲೆ. ಕ್ರಿಸ್ ಗೇಲ್‌ಗೆ 2011ರ ಹರಾಜಿನಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ಡರ್ಕ್ ನ್ಯಾನಿಸ್ ಗಾಯಗೊಂಡದ್ದರಿಂದ ಬದಲಿಯಾಗಿ ಬಂದರು, 2013ರಲ್ಲಿ ಪುಣೆಯ ಮೇಲೆ ಔಟಾಗದೆ 175 ಹೊಡೆದರು. ರಜತ್ ಪಾಟೀದಾರ್‌ಗೆ 2022ರ ಹರಾಜಿನಲ್ಲೂ ಅದೇ ಗತಿ. ಲವ್ನಿತ್ ಸಿಸೋಡಿಯಾ ಜಾಗಕ್ಕೆ ಬದಲಿಯಾಗಿ ಬಂದು ಎಲಿಮಿನೇಟರ್‌ನಲ್ಲಿ 112 ಹೊಡೆದ ಆತನೇ 2025ರಲ್ಲಿ ನಾಯಕ. ಹದಿನೆಂಟು ವರ್ಷ ಕೋಟಿಗಳ ಲೆಕ್ಕ ಹಾಕಿದ ಪಾಂಡಿತ್ಯಕ್ಕೆಲ್ಲ ಇದು ಸಣ್ಣ ಅವಮಾನವಲ್ಲ. ಆ ವರ್ಷದ ಫೈನಲ್‌ನಲ್ಲಿ 24 ರನ್ ಕೂಡಿಸಿದ ಮಯಂಕ್ ಅಗರ್ವಾಲ್ ಕೂಡ ಪಡಿಕ್ಕಲ್ ಗಾಯಗೊಂಡಾಗ ಕರೆಸಿಕೊಂಡ ಬದಲಿಯೇ.

2025ರ ಜೂನ್ 3, ಅಹಮದಾಬಾದ್. ಎದುರಾಳಿ ಪಂಜಾಬೇ. ಆರು ರನ್‌ಗಳಿಂದ ಕಪ್ ಬಂತು.

ಮರುದಿನದ ಬಗ್ಗೆ ಪ್ರಬಂಧದ ಭಾಷೆಯಲ್ಲಿ ಬರೆಯಲು ಬರುವುದಿಲ್ಲ. ಬೆಂಗಳೂರಿನ ವಿಜಯೋತ್ಸವಕ್ಕೆ, ಸುಮಾರು 35 ಸಾವಿರ ಜನ ಹಿಡಿಯುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಎರಡು ಮೂರು ಲಕ್ಷ ಜನ ಸೇರಿದ್ದರೆಂದು ಮುಖ್ಯಮಂತ್ರಿಯೇ ಹೇಳಿದರು. ಗೇಟಿನ ಬಳಿ ಹನ್ನೊಂದು ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು, ಹೆಚ್ಚಿನವರು ಎಳೆಯರು. ಹೊರಗೆ ಹೆಣ ಬಿದ್ದಿರುವಾಗ ಒಳಗೆ ಸಂಭ್ರಮ ನಡೆಯಿತು. ಯಾವ ಆಟಗಾರನನ್ನು ಎಷ್ಟು ಲಕ್ಷದವರೆಗೆ ಕೂಗಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಲ್ಯಾಪ್‌ಟಾಪ್ ಇಟ್ಟುಕೊಂಡು ತಿಂಗಳುಗಟ್ಟಲೆ ಲೆಕ್ಕ ಹಾಕುವ ವ್ಯವಸ್ಥೆಗೆ ಒಂದು ಗೇಟಿನಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎಂಬ ಲೆಕ್ಕ ಬರಲಿಲ್ಲ. ತಂಡದವರು ಪೊಲೀಸರ ಕಡೆ, ಸರ್ಕಾರದವರು ತಂಡದ ಕಡೆ ಬೆರಳು ತೋರಿಸಿದರು. ಸರ್ಕಾರ ಒಂದು ಜೀವಕ್ಕೆ ಮೊದಲು 10 ಲಕ್ಷ ಎಂದಿತು, ಟೀಕೆ ಬಂದ ಮೇಲೆ 25 ಲಕ್ಷಕ್ಕೆ ಏರಿಸಿತು. ಹರಾಜಿನ ಅತಿ ಕಡಿಮೆ ಮೂಲಬೆಲೆ 30 ಲಕ್ಷ ಎಂಬುದನ್ನು ಮೇಲೆಯೇ ಹೇಳಿದೆ. ಇದನ್ನು ಅಣಕಿಸಲು ಯಾವ ಅಣಕುಗಾರನ ಅಗತ್ಯವೂ ಇಲ್ಲ, ವಾಸ್ತವವೇ ಆ ಕೆಲಸ ಮಾಡಿದೆ. ಆಸ್ಪತ್ರೆಯ ಬಾಗಿಲಲ್ಲಿ ಮಗನ ಹೆಸರು ಕೂಗುತ್ತ ನಿಂತವರು ಯಾವ ಪಂಥಕ್ಕೆ ಸೇರಿದವರು ಎಂದು ಕೇಳುವ ಧೈರ್ಯ ಯಾವ ಸಂಶೋಧಕನಿಗಿದೆ?

ಬೆಂಚು ಕೆಲಕಾಲ ಖಾಲಿಯಿತ್ತು. ಡಿಸೆಂಬರ್ ಬಂದಾಗ ಮತ್ತೆ ತುಂಬಿತು. 2025ರ ಡಿಸೆಂಬರ್ 16ರಂದು ಅಬುಧಾಬಿಯಲ್ಲಿ ಹರಾಜು. ಬೆಂಗಳೂರಿನ ಪರ್ಸ್‌ನಲ್ಲಿದ್ದದ್ದು 16.4 ಕೋಟಿ. 8.75 ಕೋಟಿ ಕೊಟ್ಟು ತಂದು ಒಂದೇ ವರ್ಷಕ್ಕೆ ಬಿಟ್ಟ ಲಿವಿಂಗ್‌ಸ್ಟನ್ 13 ಕೋಟಿಗೆ ಹೈದರಾಬಾದಿಗೆ ಹೋದರು. ಪರಿತ್ಯಕ್ತೋತ್ಕರ್ಷ ನಿಯಮ ಚಾಲ್ತಿಯಲ್ಲಿದೆ ಎಂದು ಬೆಂಚು ತಲೆದೂಗಿತು. ಹಿಂದಿನ ವರ್ಷ ಕೋಲ್ಕತ್ತ 23.75 ಕೋಟಿ ಸುರಿದಿದ್ದ ವೆಂಕಟೇಶ್ ಅಯ್ಯರ್ ಬೆಂಗಳೂರಿಗೆ 7 ಕೋಟಿಗೆ ಸಿಕ್ಕರು. ಹಾಸನ ನಗರ ಶಾಖೆಯ ಹುಡುಗ ಮೊಬೈಲಿನಲ್ಲಿ ಕಳೆದು, “ನೋಡಣ್ಣ, ಒಂದೇ ಏಟಿಗೆ 16.75 ಕೋಟಿ ಉಳಿಸ್ಕಂಡ್ವಿ” ಎಂದ. ಪರ್ಸ್‌ನಲ್ಲಿದ್ದದ್ದೇ 16.4 ಅಲ್ವೇನ್ಲಾ ಎಂದು ಅರಕಲಗೂಡು ಶಾಖೆ ಕೇಳಿತು. ಹುಡುಗ ಇನ್ನೊಮ್ಮೆ ಕಳೆದು ನೋಡಿದ, 16.75ಏ ಬಂತು.