ಮಡಿ ಉಟ್ಟ ಬಿಲ್ಡು

ಸಾಫ್ಟ್‌ವೇರ್ ಹುಡುಗರ ನಿತ್ಯಮಂತ್ರ ಒಂದೇ: "ಸಾರ್, ನನ್ ಲ್ಯಾಪ್‌ಟಾಪಲ್ಲಿ ಓಡ್ತಿದೆ!" ಓಡದೆ ಏನು? ಆ ಲ್ಯಾಪ್‌ಟಾಪಿನ ಬ್ಯಾಶ್‌ಆರ್‌ಸಿ ಫೈಲು ತೆರೆದರೆ ಹಿಂದಿನ ಕಂಪನಿಯ ಪಾಥ್, ಯಾವತ್ತೋ ಕೈಬಿಟ್ಟ ಪ್ರಾಜೆಕ್ಟಿನ ಜಾವಾ ಹೋಮ್, ಯಾರೋ ಹೇಳಿದರೆಂದು ತುರುಕಿದ ಸಿ-ಫ್ಲ್ಯಾಗ್ಸ್, ಎಲ್ಲವೂ ಸುಖವಾಗಿ ಸಂಸಾರ ಹೂಡಿರುತ್ತವೆ.

ಇದೆಲ್ಲ 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಿಂದ ಬಂದ ಬಳುವಳಿ. ಒಂದು ಪ್ರೋಗ್ರಾಂ ಇನ್ನೊಂದನ್ನು ಹುಟ್ಟಿಸುವಾಗ ತನ್ನ ಎನ್ವಿರಾನ್ಮೆಂಟ್ ವೇರಿಯಬಲ್‌ಗಳ ನಕಲನ್ನು ಮಗುವಿನ ಕೈಗಿಡುತ್ತದೆ. ಮಗು ಅದನ್ನು ತಿದ್ದಲಿ, ಅಳಿಸಲಿ, ಅಪ್ಪನಿಗೆ ಸುದ್ದಿ ಮುಟ್ಟುವುದಿಲ್ಲ. ಮೇಕ್‌ಫೈಲಿನಲ್ಲಂತೂ ಸಾಲಿಗೊಂದು ಶೆಲ್ಲು. ಮೊದಲ ಸಾಲಿನಲ್ಲಿ ಎಕ್ಸ್‌ಪೋರ್ಟ್ ಮಾಡಿದ್ದು ಎರಡನೇ ಸಾಲು ಕಣ್ಣು ಬಿಡುವಷ್ಟರಲ್ಲಿ ತೀರಿಕೊಂಡಿರುತ್ತದೆ.

ಈ ಬಳುವಳಿಯನ್ನು ಚೂರೂ ನಂಬದ ಪ್ಯಾಕೇಜ್ ಮ್ಯಾನೇಜರ್ ನಿಕ್ಸ್. ಅದರ ಬಿಲ್ಡೆಂದರೆ ನಮ್ಮಜ್ಜಿಯ ಮಡಿ ಅಡುಗೆ. ಅಜ್ಜಿ ಮಡಿಸೀರೆ ಉಟ್ಟು ಒಲೆ ಮುಂದೆ ಕೂತಳೆಂದರೆ ಹೊಸಿಲಾಚೆಯಿಂದ ಚಿಟಿಕೆ ಉಪ್ಪನ್ನೂ ನಾವು ಕೊಡುವಂತಿರಲಿಲ್ಲ. ನಿಕ್ಸ್ ಕೂಡ ನಿಮ್ಮ ವೇರಿಯಬಲ್‌ಗಳನ್ನೆಲ್ಲ ತೊಳೆದು ಹಾಕಿ ಆಮೇಲೆ ಕಂಪೈಲರನ್ನು ಒಳಗೆ ಕರೆಯುತ್ತದೆ. ಲಿನಕ್ಸಿನಲ್ಲಾದರೆ, ಮೂಲ ಕೋಡು ತರುವ ಹೊತ್ತು ಬಿಟ್ಟು, ಇಂಟರ್ನೆಟ್ಟೂ ಇಲ್ಲ. ಹೋಮ್ ವೇರಿಯಬಲ್‌ಗೆ ಅದು ಕೊಡುವ ವಿಳಾಸ 'ಹೋಮ್‌ಲೆಸ್ ಶೆಲ್ಟರ್'. ಅಂಥ ಫೋಲ್ಡರೇ ಇಲ್ಲ! ಪಾಥ್‌ಗೆ ಮೊದಲು ಸಿಗುವುದು 'ಪಾಥ್ ನಾಟ್ ಸೆಟ್'. ಬರೆದವರು ತಮಾಷೆಯ ಜನವೇ ಇರಬೇಕು. ಆದರೆ ತಮಾಷೆಗೂ ಕಾರಣವಿದೆ: ಮನೆ ಅಂತ ಒಂದಿದ್ದರೆ ಬಿಲ್ಡು ಅಲ್ಲಿಗೆ ನುಗ್ಗಿ ನಿಮ್ಮ ಸೆಟಿಂಗುಗಳನ್ನೆಲ್ಲ ಕದ್ದು ಓದುತ್ತದೆ. ಆಮೇಲೆ ನಿಮ್ಮ ಪ್ಯಾಕೇಜೇ ಬೇರೆ, ನನ್ನದೇ ಬೇರೆ.

ತಾರೀಖಿಗೂ ಮೈಲಿಗೆ. ಇವತ್ತಿನ ದಿನಾಂಕ ಪ್ಯಾಕೇಜಿನೊಳಗೆ ನುಸುಳಿದರೆ ನಾಳೆಯ ಬಿಲ್ಡು ಇವತ್ತಿನದಕ್ಕೆ ತಾಳೆಯಾಗುವುದಿಲ್ಲ. ಅದಕ್ಕೇ 'ಸೋರ್ಸ್ ಡೇಟ್ ಇಪಾಕ್' ಎಂಬ ವೇರಿಯಬಲ್ಲು. ನಿಕ್ಸ್ ಪ್ಯಾಕೇಜುಗಳಲ್ಲಿ ಬೇರೇನೂ ಹೇಳದಿದ್ದರೆ ಅದು 1980ರ ಜನವರಿ 1. ಯುನಿಕ್ಸಿನ ಕಾಲಗಣನೆ 1970ರಿಂದ ಶುರು, ಮತ್ತೆ 80 ಯಾಕೆ? ಜಿಪ್ ಫೈಲಿಗೆ ಅದಕ್ಕಿಂತ ಹಿಂದಿನ ಇಸವಿ ಬರೆಯಲು ಬರುವುದಿಲ್ಲ, ಪಾಪ. ಹಾಗಾಗಿ ನಾನಿನ್ನೂ ಹುಟ್ಟೇ ಇರದ ದಿನ ನನ್ನ ಕೋಡು ಕಂಪೈಲ್ ಆಗಿ ಕೂತಿರುತ್ತದೆ. ಫೈಲುಗಳ ಸರದಿಯೂ ಅಷ್ಟೆ. 'ಎಲ್‌ಸಿ ಆಲ್' ಬದಲಾದರೆ ದೊಡ್ಡಕ್ಷರ ಮೊದಲೋ ಚಿಕ್ಕಕ್ಷರ ಮೊದಲೋ ಎಂಬ ಲೆಕ್ಕವೇ ಬುಡಮೇಲು.

ಇಷ್ಟಾದರೂ "ಟರ್ಮಿನಲ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿದ್ನಲ್ಲ" ಎಂದು ವಾದಿಸುವವರಿದ್ದಾರೆ. ಮಾಡಿರಬಹುದು ಸ್ವಾಮಿ. ನಿಕ್ಸ್ ಇರಲಿ, ಸುಡೋ ಕೂಡ ನಿಮ್ಮ ಬಹುಪಾಲು ವೇರಿಯಬಲ್‌ಗಳನ್ನು ಬಾಗಿಲಲ್ಲೇ ತಡೆದು ನಿಲ್ಲಿಸುತ್ತದೆ. ಬಿಲ್ಡಿಗೆ ಏನು ಬೇಕೋ ಅದನ್ನು ಬಿಲ್ಡ್ ಸ್ಕ್ರಿಪ್ಟಿನೊಳಗೇ ಬರೆಯಿರಿ. ಶೆಲ್‌ನಲ್ಲಿ ಬರೆಯುವಾಗ ಸಮಚಿಹ್ನೆಯ ಆಚೀಚೆ ಜಾಗ ಮಾತ್ರ ಬಿಡಬೇಡಿ. ಬಿಟ್ಟರೆ ಶೆಲ್ಲು ನಿಮ್ಮ ವೇರಿಯಬಲ್ಲಿನ ಹೆಸರನ್ನೇ ಕಮಾಂಡು ಎಂದುಕೊಂಡು ಹುಡುಕಲು ಹೊರಡುತ್ತದೆ.