ಫುಲ್ ಚಾರ್ಜ್ ರಾಯರು

ರಾಜಾಜಿನಗರದಲ್ಲಿ ಕ್ರಾಸಿಗೊಬ್ಬರಂತೆ ಇಂಥ ರಾಯರು ಸಿಗುತ್ತಾರೆ. ರಿಟೈರಾಗಿದೆ, ಮಗ ಅಮೆರಿಕದಲ್ಲಿದ್ದಾನೆ, ಮನೆಯಲ್ಲಿ ಹಳೇ ಕಬ್ಬಿಣದ ಬೀರು ಇದೆ. ಅದರ ಕೆಳಖಾನೆಯ ಸ್ಟೀಲ್ ಡಬ್ಬಿಯಲ್ಲಿ ಸತ್ತ ಮೊಬೈಲು, ಪವರ್ ಬ್ಯಾಂಕು, ಲ್ಯಾಪ್‌ಟಾಪಿನಿಂದ ಕಳಚಿದ ಬ್ಯಾಟರಿ. ಜೊತೆಗೆ ಯಾವ ಬೀಗದ್ದೋ ಬೀಗದಕೈ ಗೊಂಚಲು, 2011ರಲ್ಲೇ ಚಲಾವಣೆ ನಿಂತ ನಾಲ್ಕಾಣೆಗಳು. ಬ್ಯಾಟರಿಯ ಎರಡೂ ತುದಿಗೆ ಲೋಹ ತಾಗಿದರೆ ಶಾರ್ಟ್ ಆಗುತ್ತೆ ಎಂದರೆ, "ಇಷ್ಟು ವರ್ಷ ಆಗದ್ದು ಈಗ ಆಗುತ್ತೇನ್ರೀ?"

ಅವರಿಗೆ ಎಲ್ಲವೂ ನೂರಕ್ಕೆ ನೂರು ಚಾರ್ಜಾಗಿರಬೇಕು. ಕಾವೇರಿ ನೀರು ಬಿಟ್ಟ ದಿನ ಡ್ರಮ್ಮು ತುಂಬಿಸಿದ ಹಾಗೆ, ಭಾನುವಾರ ಬಂತೆಂದರೆ ಉಪಯೋಗಿಸದ ಬ್ಯಾಟರಿಗಳಿಗೂ ಭರ್ತಿ. ಲಿಥಿಯಂ ಅಯಾನ್ ಬ್ಯಾಟರಿಗೆ ಈ ಉಪಚಾರ ಒಗ್ಗದು. ಎತ್ತಿಡುವುದಾದರೆ ಅರ್ಧ ಚಾರ್ಜು, ತಂಪಾದ ಒಣ ಜಾಗ ಸಾಕು. ತುಂಬಿಸಿ ಸೆಕೆಯಲ್ಲಿಟ್ಟರೆ ಬೇಗ ಮುಪ್ಪಾಗುತ್ತದೆ. ಕೆಲವೊಮ್ಮೆ ಒಳಗೆ ಅನಿಲ ಹುಟ್ಟಿ ಉಬ್ಬುತ್ತದೆ.

ಉಬ್ಬಿಯೂ ಉಬ್ಬಿತು.

"ರೀ, ಈ ಮೊಬೈಲು ಬಾಯಿ ಬಿಟ್ಟಿದೆ ನೋಡಿ," ಎಂದರು ಮನೆಯಾಕೆ. ರಾಯರು ಅದರ ಮೇಲೆ ಕಿಟೆಲ್ ನಿಘಂಟು ಹೇರಿದರು. ರಾತ್ರಿಯಿಡೀ ಅಷ್ಟು ಕನ್ನಡ ಹೊತ್ತರೂ ತಗ್ಗಲಿಲ್ಲ. ಬೆಳಿಗ್ಗೆ ಪಿನ್ನು ಚುಚ್ಚಿ ಗಾಳಿ ಬಿಡಲು ಹೊರಟಾಗ ಮಹಡಿ ಮೇಲಿನ ಇಂಜಿನಿಯರಿಂಗ್ ಹುಡುಗ ಓಡಿಬಂದು ಕೈ ಹಿಡಿದ. "ಅಂಕಲ್, ಒಳಗಿನ ಪದರ ತೂತಾದ್ರೆ ಬೆಂಕೀನೇ!"

"ಟೈರಿಗೆ ಪಂಕ್ಚರ್ ಆದ್ರೆ ಬೆಂಕಿ ಬರುತ್ತೇನಯ್ಯಾ?" ಎಂದು ರೇಗಿದರಾದರೂ ಪಿನ್ನು ಮಾತ್ರ ಕೆಳಗಿಟ್ಟರು.

2024ರ ನವೆಂಬರಿನಲ್ಲಿ ಡಾ. ರಾಜ್‌ಕುಮಾರ್ ರಸ್ತೆಯ ವಿದ್ಯುತ್ ಸ್ಕೂಟರ್ ಶೋರೂಮಿಗೆ ಬೆಂಕಿ ಬಿದ್ದು ಅಲ್ಲಿ ಕೆಲಸಕ್ಕಿದ್ದ ಯುವತಿಯೊಬ್ಬಳು ತೀರಿಕೊಂಡಳು. ಆ ರಸ್ತೆಯಲ್ಲೇ ತರಕಾರಿಗೆ ಹೋಗಿಬರುವ ರಾಯರು ಅವತ್ತು ಯಾರೊಂದಿಗೂ ವಾದ ಮಾಡಲಿಲ್ಲ.

ಆಮೇಲೆ ಬದಲಾದರು, ತಮ್ಮದೇ ರೀತಿಯಲ್ಲಿ. 'ತಂಪು ಜಾಗ' ಎಂಬ ಮಾತು ಹಿಡಿದು ಡಬ್ಬಿಯನ್ನು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟರು. ಹೊರಗೆ ತೆಗೆದಾಗ ತೇವ ಕಟ್ಟುತ್ತದೆಂದು ಹುಡುಗ ಹೇಳುವ ಮೊದಲೇ ಮನೆಯಾಕೆ ಅದನ್ನು ಆಚೆ ಹಾಕಿದ್ದರು. ಕೊನೆಗೆ ಹುಡುಗನೇ ಕೂತು ಒಂದೊಂದರ ತುದಿಗೂ ಇನ್ಸುಲೇಷನ್ ಟೇಪು ಸುತ್ತಿದ. ಉಬ್ಬಿದ್ದನ್ನು ಬೇರೆಯಾಗಿ ಬಾಲ್ಕನಿಯಲ್ಲಿ ಒಣ ಮರಳಿನ ಮೇಲಿಟ್ಟ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ಸಂಗ್ರಹಿಸುವ ಹೊಣೆ ಉತ್ಪಾದಕರದ್ದು ಎಂದು ವಿವರಿಸಿ, ಇ-ತ್ಯಾಜ್ಯದವರನ್ನೂ ಕರೆಸಿದ.

ಅವರು ಬಂದಾಗ ರಾಯರು ಹಳೇ ಪೇಪರಿನ ತಕ್ಕಡಿ ಸಮೇತ ಗೇಟಿನ ಬಳಿ ಕಾಯುತ್ತಿದ್ದರು.

"ಕೆಜಿಗೆ ಎಷ್ಟು ಕೊಡ್ತೀರಿ? ಮೊದಲೇ ಹೇಳಿಬಿಡ್ತೀನಿ, ಎಲ್ಲ ಫುಲ್ ಚಾರ್ಜ್ ಆಗಿರೋದು."